ನಲವತ್ತೊಂದನೆಯ ಬಿಲ್ಲೆ

“ಅಮ್ಮಾವ್ರೇ, ಈ ಗೋಡೆ ಹಿಂದೆ ಮಣ್ಣಿಲ್ಲ. ಬಾಗಿಲಿದೆ,” ಎಂದ ಮೇಸ್ತ್ರಿ. “ಅದೂ ನಮ್ಮ ಕಡೆಯಿಂದ ಚಿಲಕ ಹಾಕಿರೋ ಬಾಗಿಲು.”

ಬೆಳಗಿನ ಹನ್ನೊಂದು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಮಾತ್ರ ಟಾರ್ಚ್ ಇಲ್ಲದೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ವಿಮಾನಗಳಿಗೆ ಬೆಳಕು ಕಾಣಬಾರದೆಂದು ಈ ಮನರಂಜನಾ ಭವನದ ಹದಿನಾರು ಕಿಟಕಿಗಳಿಗೂ ಕಪ್ಪು ಬಣ್ಣ ಬಳಿದಿದ್ದರು. ಅದನ್ನು ಕೆರೆಯುವ ಗೋಜಿಗೆ ಆಮೇಲೆ ಯಾರೂ ಹೋಗಲಿಲ್ಲ. ಯುದ್ಧ ಮುಗಿದು ಅರ್ಧ ಶತಮಾನವಾಯಿತು. ಆ ಸುದ್ದಿಯನ್ನು ಈ ಕಟ್ಟಡಕ್ಕೆ ಯಾರೂ ತಿಳಿಸಿದಂತಿಲ್ಲ.

ಐವತ್ತೆರಡು ವರ್ಷದ ಹಿಂದೆ, ಸೈರನ್ ಕೂಗಿದ ಒಂದು ಶನಿವಾರ ಇಲ್ಲಿಂದ ಕಾಣೆಯಾದ ಹತ್ತೊಂಬತ್ತರ ಹುಡುಗಿಯನ್ನು ಅವಳ ತಂಗಿ ನನ್ನಿಂದ ಹುಡುಕಿಸುತ್ತಿದ್ದರು. ಸೋಮವಾರ ಬೆಳಗ್ಗೆ ಯಂತ್ರ ಬಂದು ಭವನವನ್ನು ಕೆಡವಿ, ನೆಲಮಾಳಿಗೆಗೆ ಕಾಂಕ್ರೀಟ್ ಸುರಿಯುವುದಿತ್ತು. ಅವತ್ತು ಶನಿವಾರ; ನಮ್ಮ ಕೈಯಲ್ಲಿ ಉಳಿದಿದ್ದು ಒಂದೂವರೆ ದಿನ.

ತಂಗಿಗೆ ಈಗ ಅರವತ್ತು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಊರಿಗೆಲ್ಲ ಟೀಚರ್, ನನಗೂ ಟೀಚರ್. ನಾನೋ, ಮೂವತ್ತು ವರ್ಷ ವಿಮೆ ಕಚೇರಿಯಲ್ಲಿ, ಸತ್ತರೆಂದು ಅರ್ಜಿ ಬಂದವರು ನಿಜಕ್ಕೂ ಸತ್ತಿದ್ದಾರೆಯೇ ಎಂದು ನೋಡಿಕೊಂಡು ಬರುವ ಕೆಲಸ ಮಾಡಿದವಳು. ಸತ್ತವರು ಸುಳ್ಳು ಹೇಳುವುದಿಲ್ಲ, ಅವರ ನೆಂಟರು ಹೇಳುತ್ತಾರೆ. ಆ ಕೆಲಸದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ.

“ತೆಗಿಯಪ್ಪಾ,” ಎಂದೆ.

ಮೇಸ್ತ್ರಿ ಇನ್ನೊಂದು ಸಾಲು ಇಟ್ಟಿಗೆ ಕಿತ್ತ. ತುಕ್ಕು ಹಿಡಿದ ತಗಡಿನ ಬಾಗಿಲು. ಚಿಲಕಕ್ಕೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟ ಮೇಲೆ ಅದು ಒಲ್ಲದ ಮನಸ್ಸಿನಿಂದ ಸರಿಯಿತು. ಒಳಗಿಂದ ಬಂದ ಗಾಳಿ ತಣ್ಣಗಿತ್ತು. ವಾಸನೆ ಇರಲಿಲ್ಲ. ವಾಸನೆ ಇದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲವೇನೋ.

ಮೆಟ್ಟಿಲುಗಳು ಕೆಳಗಿಳಿದಿದ್ದವು. ಆರನೆಯ ಮೆಟ್ಟಿಲಿನಿಂದಾಚೆಗೆ ಬರೀ ಒಣಗಿದ ಕೆಸರು, ಕಲ್ಲಿನಷ್ಟು ಗಟ್ಟಿ. ಬಾಂಬು ಬಿದ್ದು ನೀರಿನ ಕೊಳವೆ ಒಡೆದಾಗ ನುಗ್ಗಿದ ಕೆಸರು ಅದು. ಮೂರನೆಯ ಮೆಟ್ಟಿಲಿನ ಮೇಲೆ ಒಂದು ಜೊತೆ ಚಪ್ಪಲಿ.

ಬಿದ್ದಿರಲಿಲ್ಲ. ಯಾರೋ ಬಿಟ್ಟಿದ್ದರು. ಒಂದರ ಪಕ್ಕ ಇನ್ನೊಂದು, ತುದಿ ಕೆಳಗಿನ ಕತ್ತಲೆಯ ಕಡೆಗೆ.

ಮೇಸ್ತ್ರಿ ಬಹಳ ಹೊತ್ತು ನೋಡಿದ. “ನೀರಿಗೆ ಇಳಿಯೋರು ಹೀಗೆ ಬಿಡ್ತಾರೆ,” ಎಂದ ಮೆಲ್ಲಗೆ. “ಕೆಳಗೆ ನೀರಿದೆ, ಆಚೆ ದಾರಿ ಇದೆಯೇನೋ ನೋಡೋಣ ಅಂತ ಇಳಿಯೋರು.”

ಟೀಚರ್ ನನ್ನ ಕೈಯಿಂದ ಟಾರ್ಚ್ ಕಿತ್ತುಕೊಂಡರು. ಬೆಳಕು ಎಡಗಾಲಿನ ಚಪ್ಪಲಿಯ ಮೇಲೆ ನಿಂತಿತು. ಕಿತ್ತುಹೋದ ಪಟ್ಟಿಯನ್ನು ಹಸಿರು ಉಲ್ಲನ್ ದಾರದಿಂದ ಹೊಲಿದಿದ್ದರು.

“ಬುಧವಾರ ಬುಧವಾರ ಇಲ್ಲಿ ಹೆಂಗಸರು ಸಿಪಾಯಿಗಳಿಗೆ ಕಾಲುಚೀಲ ಹೆಣೀತಿದ್ರು,” ಎಂದರು. ಧ್ವನಿ ಪಾಠ ಒಪ್ಪಿಸುವವರ ಹಾಗಿತ್ತು. “ಉಳಿದ ದಾರ ಅಕ್ಕ ಮನೆಗೆ ತರ್ತಿದ್ಲು. ಹರಿದಿದ್ದನ್ನೆಲ್ಲ ಅದರಲ್ಲೇ ಹೊಲೀತಿದ್ಲು. ನನ್ನ ಶಾಲೆ ಚೀಲಾನೂ.”

ಆಮೇಲೆ ಗೋಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಕೂತೆ, ಅಷ್ಟೇ. ಅಕ್ಕ ಓಡಿಹೋದಳು, ಅಕಾರ್ಡಿಯನ್ ನುಡಿಸುವವನ ಜೊತೆ ಊರು ಬಿಟ್ಟಳು ಎಂದು ಐವತ್ತೆರಡು ವರ್ಷ ಕೇಳಿದ ಕಿವಿಗಳು ಅವು. ಆ ಸಂಗೀತಗಾರನನ್ನು ಕಳೆದ ವಾರ ನಾನೇ ಪತ್ತೆ ಮಾಡಿದ್ದೆ: ಅವನು ಆ ರಾತ್ರಿ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿಕೊಂಡು ಮಲಗಿದ್ದ. ಓಡಿಹೋಗುವುದಿರಲಿ, ಎದ್ದು ನಿಲ್ಲುವ ಸ್ಥಿತಿಯಲ್ಲೂ ಇರಲಿಲ್ಲ.

ಭವನದ ಕಚೇರಿಯಲ್ಲಿದ್ದ ಹಳೆಯ ಫೋನ್ ಸತ್ತಿತ್ತು. ಎದುರಿನ ಔಷಧಿ ಅಂಗಡಿಯಿಂದ ನಗರಸಭೆಯ ಅಧಿಕಾರಿಗೆ ಫೋನ್ ಮಾಡಿದೆ. ಅವನದು ಸೌಜನ್ಯದ ಧ್ವನಿ. ಅಂಥವರ ಜೊತೆ ಜಗಳ ಆಡುವುದು ಬಲು ಕಷ್ಟ.

“ಮೇಡಂ, ಒಂದು ಜೊತೆ ಚಪ್ಪಲಿಗೆ ನಾನು ಕೆಲಸ ನಿಲ್ಲಿಸೋಕಾಗಲ್ಲ. ಆ ರಾತ್ರಿ ಬಂದು ಹೋದೋರ ಲೆಕ್ಕದ ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ, ಏನಂತ ಬರೆದಿದೆ?”

“ನೂರಾಹನ್ನೆರಡು ಜನ ಇಳಿದ್ರು, ನೂರಾಹನ್ನೆರಡು ಜನ ಹೊರಗೆ ಬಂದ್ರು.”

“ನೋಡಿ ಮತ್ತೆ. ಲೆಕ್ಕ ತಪ್ಪಿತ್ತು ಅಂತ ಅದನ್ನ ಬರೆದವರೇ ಬರೆದುಕೊಡಲಿ. ಈಗಲೇ ಅಗೆತಕ್ಕೆ ಆದೇಶ ಹೊರಡಿಸ್ತೀನಿ. ಎರಡು ಗಂಟೆವರೆಗೆ ಕಚೇರೀಲಿ ಇರ್ತೀನಿ.”

ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ ಅವನು. ಅಷ್ಟರಮಟ್ಟಿಗೆ ಪುಣ್ಯ.

ಬಿಲ್ಲೆಯ ವಿಷಯ ಹೇಳಬೇಕು. ಇಡೀ ಗಂಟು ಅಲ್ಲೇ ಇತ್ತು. ಯುದ್ಧ ಶುರುವಾದ ವರ್ಷ, ಡೇರೆಬಟ್ಟೆ ನೇಯುವ ಮಿಲ್ಲಿನವರು ನಲವತ್ತು ದಿನದಲ್ಲಿ ಎಬ್ಬಿಸಿದ ಭವನ ಇದು. ರಜೆಯ ಮೇಲೆ ಬಂದ ಸಿಪಾಯಿಗಳಿಗೆ, ಪಾಳಿ ಮುಗಿಸಿದ ಕೆಲಸದವರಿಗೆ ಹಾಡು, ನಾಟಕ, ಇಸ್ಪೀಟು, ಚಹಾ. ಓದು ಬಾರದವರಿಗೆ ಕಾಗದ ಬರೆದುಕೊಡಲು ಒಂದು ಮೇಜು. ಸಾವಿನ ತಂತಿ ಬಂದರೂ ಮೊದಲು ಇಲ್ಲಿಗೇ ಬರುತ್ತಿತ್ತು; ಅದಕ್ಕೇ ಬಾಗಿಲಲ್ಲಿ ಸೈಕಲ್ ನಿಂತರೆ ಹಾಡು ತಾನಾಗಿಯೇ ನಿಲ್ಲುತ್ತಿತ್ತಂತೆ.

ಇಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಒಂದು ಸಂಖ್ಯೆ. ಒಳಗೆ ಬರುವಾಗ ಬಿಲ್ಲೆಯನ್ನು ಬಾಗಿಲ ಬಳಿಯ ಹಲಗೆಯ ಕೊಕ್ಕೆಗೆ ತಗುಲಿಸಬೇಕು. ಹೋಗುವಾಗ ಬಾಗಿಲವನು ಅದನ್ನು ತೆಗೆದುಕೊಡುತ್ತಾನೆ, ತಗುಲಿಸಿದ ಕೈಗೇ. ಸೈರನ್ ಕೂಗಿದರೆ ಎಲ್ಲರೂ ನೆಲಮಾಳಿಗೆಗೆ. ಅಪಾಯ ಕಳೆದ ಮೇಲೆ ಹಲಗೆ ಖಾಲಿಯಾದರೆ ಕೆಳಗೆ ಯಾರೂ ಇಲ್ಲವೆಂದು ಅರ್ಥ. ಕತ್ತಲೆಯಲ್ಲಿ ತಲೆ ಎಣಿಸುವುದಕ್ಕಿಂತ ಕೊಕ್ಕೆ ಎಣಿಸುವುದು ಸುಲಭ. ಹಲಗೆ ಖಾಲಿಯಾದರೆ ಕೆಳಗಿನ ಬಾಗಿಲಿಗೆ ಚಿಲಕ.

ಹಲಗೆ ಈಗಲೂ ಅಲ್ಲೇ ಇತ್ತು. ಟೀಚರ್ ಅಕ್ಕನ ಸಂಖ್ಯೆ ನಲವತ್ತೊಂದು. ಆ ಕೊಕ್ಕೆಯೂ ಖಾಲಿ. ಅದರ ಹುಡುಗಿ ಮಾತ್ರ ಕೆಳಗೆ.

ಹಾಗಾದರೆ ಆ ಬಿಲ್ಲೆ ಯಾರ ಕೈಯಲ್ಲಿ ಹೊರಗೆ ಹೋಯಿತು? ಇದಕ್ಕೆ ಉತ್ತರ ಗೊತ್ತಿದ್ದವನು ಒಬ್ಬನೇ.

ಅವನನ್ನು ಊರು ಬಿಲ್ಲೆ ಮಾಮ ಎನ್ನುತ್ತಿತ್ತು. ಎಪ್ಪತ್ತೆಂಟು ವರ್ಷ, ಒಂದು ಕಾಲು ಹುಟ್ಟಿನಿಂದಲೇ ಸಣ್ಣದು, ಆದ್ದರಿಂದ ಯುದ್ಧಕ್ಕೆ ಹೋಗದೆ ಬಾಗಿಲಲ್ಲಿ ನಿಂತವನು. ಮೊದಲ ಸಲ ಹೋದಾಗ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ಲೆಕ್ಕ ಸರಿಯಿತ್ತು,” ಎಂದು ಬಾಗಿಲು ಹಾಕಿಕೊಂಡಿದ್ದ. ಕೇಳುವ ಮೊದಲೇ ಉತ್ತರ ಕೊಡುವವರನ್ನು ನಾನು ಚೆನ್ನಾಗಿ ಬಲ್ಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು.

ಮುಂದಿನ ಕೋಣೆಯಲ್ಲಿ ಅವನ ಸೊಸೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಟೀಚರನ್ನು ಅಲ್ಲೇ ಒಂದು ಸ್ಟೂಲಿನ ಮೇಲೆ ಕೂರಿಸಿದೆ.

“ನೀವು ಒಳಗೆ ಬಂದ್ರೆ ಅವರು ಬಾಯಿ ಬಿಡಲ್ಲ,” ಎಂದೆ.

“ನಾನು ಬಂದಿದ್ದು ಗೊತ್ತಾಗೋದು ಬೇಡ, ಅಷ್ಟೇ ತಾನೇ?” ಎಂದು ಟೀಚರ್ ಸೆರಗು ಬಿಗಿದುಕೊಂಡು ಕೂತರು.

ಹಿಂದಿನ ಕೋಣೆಯಲ್ಲಿ ಮುದುಕ ಮಂಚದ ಮೇಲೆ ಗೋಡೆಗೆ ಒರಗಿದ್ದ. ನನ್ನನ್ನು ನೋಡಿದ್ದೇ, “ಹೇಳಿದೆನಲ್ಲ, ಲೆಕ್ಕ ಸರಿಯಿತ್ತು,” ಎಂದ.

“ಸರಿಯಿತ್ತು, ಯಜಮಾನ್ರೇ. ಪುಸ್ತಕ ನೋಡಿದೀನಿ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ನಾನು ಕೇಳೋದು ಬೇರೆ. ನಲವತ್ತೊಂದನ್ನ ಯಾರ ಕೈಗೆ ಕೊಟ್ರಿ?”

“ಅವಳ ಕೈಗೇ.”

ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಎಡಗಾಲಿನ ಚಪ್ಪಲಿಯನ್ನು ಅವನ ಮುಂದೆ ಬಿಚ್ಚಿಟ್ಟೆ. ಬಲಗಾಲಿನದನ್ನು ಮೆಟ್ಟಿಲಲ್ಲೇ ಬಿಟ್ಟು, ಮೇಸ್ತ್ರಿಯನ್ನು ಕಾವಲಿಗೆ ಕೂರಿಸಿ ಬಂದಿದ್ದೆ.

ಮುದುಕ ಚಪ್ಪಲಿಯನ್ನು ಮುಟ್ಟಲಿಲ್ಲ. ಹಸಿರು ದಾರವನ್ನು ಮಾತ್ರ ಬೆರಳ ತುದಿಯಿಂದ ಮುಟ್ಟಿದ.

“ಬಾಗಿಲು ತೆಗೆದ್ರಾ?” ಎಂದ.

“ತೆಗೆದ್ವಿ. ಚಿಲಕ ಹೊರಗಿಂದ ಇತ್ತು. ಹಾಕಿದೋರು ನೀವು.”

“ನನ್ನ ಕರ್ಕೊಂಡೋಗಿ ಜೈಲಿಗೆ ಹಾಕ್ಸಿ. ಬೇರೇನೂ ಕೇಳ್ಬೇಡಿ.”

“ಜೈಲಿನೋರಿಗೆ ಬೇರೆ ಕೆಲಸ ಇಲ್ವಾ? ನಿಮಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡ್ತಾ ಕೂರೋಕೆ?” ನನಗೆ ಕೋಪ ಬಂದಿತ್ತು, ಮುಚ್ಚಿಡುವುದೇಕೆ. “ಸೋಮವಾರ ಕಾಂಕ್ರೀಟ್ ಸುರೀತಾರೆ. ಅವಳು ಅಲ್ಲೇ ಇರ್ತಾಳೆ. ಓಡಿಹೋದವಳು ಅನ್ನೋ ಹೆಸರೂ ಹಾಗೇ ಇರುತ್ತೆ. ನಿಮ್ಮ ಒಂದು ಸಾಲು ಸಾಕು, ಅವಳೂ ಹೊರಗೆ ಬರ್ತಾಳೆ, ಆ ಹೆಸರೂ ಹೋಗುತ್ತೆ. ಬರೆಯೋಕೆ ಯಾಕೆ ಹೆದರ್ತೀರಿ?”

“ನನಗೋಸ್ಕರ ಅಲ್ಲಮ್ಮ.”

“ಮತ್ತೆ?”

ಮುದುಕ ಕಿಟಕಿಯ ಕಡೆ ತಿರುಗಿದ. ಮುಂದಿನ ಕೋಣೆಯಲ್ಲಿ ಯಂತ್ರ ಒಂದೇ ಸಮ ಓಡುತ್ತಿತ್ತು.

“ಒಂದು ಮಗುವಿಗೋಸ್ಕರ,” ಎಂದ.

ಆಮೇಲೆ ಅವನನ್ನು ತಡೆಯುವವರೇ ಇರಲಿಲ್ಲ. ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಹಾಗೇ ಹೊರಗೆ ಬಂತು.

“ಅಪಾಯ ಕಳೀತು ಅಂತ ಸೈರನ್ ಆಯ್ತು. ಎಲ್ಲ ಮೇಲೆ ಬಂದ್ರು. ನೂಕುನುಗ್ಗಲು. ನನ್ನ ಟಾರ್ಚಿಗೆ ನೀಲಿ ಕಾಗದ ಸುತ್ತಿತ್ತು, ಅದೇ ಆಗಿನ ಕಾನೂನು. ಅದರಲ್ಲಿ ಮುಖ ಕಾಣಲ್ಲ. ಸಂಖ್ಯೆ ಕೂಗ್ತಾರೆ, ಕೈ ಚಾಚ್ತಾರೆ, ನಾನು ಬಿಲ್ಲೆ ಕೊಡ್ತೀನಿ. ಕೊನೆಗೆ ಒಂದೇ ಉಳೀತು. ಆಗ ಕೆಳಗಿಂದ, ನನ್ನ ಸೊಂಟದಷ್ಟು ಎತ್ತರದಿಂದ, ಒಂದು ಸಣ್ಣ ಧ್ವನಿ. ‘ನಲವತ್ತೊಂದು ಕೊಡಿ, ಅಕ್ಕ ಆಗಲೇ ಹೊರಗೆ ಹೋಗಿದಾಳೆ.’ ಸಣ್ಣ ಕೈ. ಕೊಟ್ಟುಬಿಟ್ಟೆ.”

“ತಗುಲಿಸಿದ ಕೈಗೇ ಕೊಡಬೇಕು ಅನ್ನೋ ನಿಯಮ?”

“ನಾಲ್ಕು ವರ್ಷದಲ್ಲಿ ಅದೊಂದೇ ಸಲ ಮುರಿದಿದ್ದು. ಮಗು ತಾನೇ ಅಂದ್ಕೊಂಡೆ. ಹಲಗೆ ಖಾಲಿ ಆಯ್ತು. ಚಿಲಕ ಹಾಕಿ ಮನೆಗೆ ಹೋದೆ. ಒಂದು ಗಂಟೆ ಕಳೆದ ಮೇಲೆ ಮತ್ತೆ ವಿಮಾನ ಬಂತು. ಹಿತ್ತಿಲಲ್ಲಿ ಬಾಂಬು ಬಿತ್ತು, ಕೊಳವೆ ಒಡೀತು. ನೆಲಮಾಳಿಗೆಗೆ ನೀರು ನುಗ್ತು. ಬೆಳಗ್ಗೆ ಕಾರ್ಯದರ್ಶಿ ಬಂದು ನೋಡಿದ್ರು. ಹಲಗೆ ಖಾಲಿ ಇದೆ, ಒಳಗೆ ಯಾರೂ ಇಲ್ಲ, ಮುಚ್ಚಿಬಿಡಿ ಅಂದ್ರು.”

“ಯಾವ ಮಗು ಅಂತ ಹೇಗೆ ಗೊತ್ತಾಯ್ತು? ಮುಖ ಕಾಣಲಿಲ್ಲ ಅಂದ್ರಲ್ಲ.”

“ಮುಖ ಯಾಕೆ ಬೇಕು? ಆ ವಾರ ಊರಲ್ಲಿ ಮಕ್ಕಳೇ ಇರಲಿಲ್ಲ.”

ನನ್ನ ಪೆನ್ನು ನಿಂತಿತು.

“ಬಾಂಬಿನ ಭಯಕ್ಕೆ ಸೋಮವಾರವೇ ಎಲ್ಲ ಮಕ್ಕಳನ್ನೂ ರೈಲು ಹತ್ತಿಸಿ ಹಳ್ಳಿಗಳಿಗೆ ಕಳಿಸಿದ್ರು. ಎದೆಹಾಲು ಕುಡಿಯೋ ಕೂಸುಗಳನ್ನ ಕೂಡ ತಾಯಂದಿರ ಜೊತೆ ಕಳಿಸಿದ್ರು. ಬೀದಿ ಬೀದಿ ಬಿಕೋ ಅಂತಿತ್ತು. ಅಷ್ಟು ದೊಡ್ಡ ಊರಲ್ಲಿ ಒಂದು ಮಗು ಅಳೋ ಸದ್ದಿಲ್ಲ. ರಾತ್ರಿ ಹೊತ್ತು ಆ ಮೌನಾನ ಕೇಳೋಕಾಗ್ತಿರಲಿಲ್ಲಮ್ಮ. ಒಂದೇ ಒಂದು ಮಗು ಉಳೀತು. ರೈಲು ಹೊರಡೋ ಹೊತ್ತಿಗೆ ಅದರಮ್ಮ ಅತ್ತೂ ಕರೆದೂ ಕೆಳಗಿಳಿಸಿಕೊಂಡ್ಳು. ನಾನೇ ಕಣ್ಣಾರೆ ನೋಡಿದೆ. ಅದು ಆ ಹುಡುಗಿಯ ತಂಗಿ. ಊರಲ್ಲಿ ಇರೋದೇ ಒಂದು ಮಗು ಅಂದ್ಮೇಲೆ, ಕತ್ತಲಲ್ಲಿ ಮಗುವಿನ ಧ್ವನಿ ಬಂದ್ರೆ ಅದು ಯಾರದ್ದು?”

ತರ್ಕದಲ್ಲಿ ಕೂದಲೆಳೆಯಷ್ಟೂ ಸಂದಿಯಿರಲಿಲ್ಲ.

“ಎಂಟು ವರ್ಷದ ಕೂಸು,” ಮುದುಕ ಕಣ್ಣೊರೆಸಿಕೊಂಡ. “ಅಕ್ಕ ಮುಂದೆ ಹೋದಳು ಅಂದ್ಕೊಂಡು, ಸಹಾಯ ಮಾಡೋಣ ಅಂತ ಕೇಳಿರುತ್ತೆ. ಅದರ ಸಹಾಯದಿಂದ ಅಕ್ಕ ಒಳಗೇ ಉಳಿದ್ಲು. ಇದನ್ನ ಆ ಮಗುವಿಗೆ ಹೇಗೆ ಹೇಳ್ಲಿ? ಈಗ ಟೀಚರ್ ಆಗಿ ನಿವೃತ್ತಿನೂ ಆಯ್ತಂತೆ. ನನ್ನ ಮೊಮ್ಮಗಳಿಗೂ ಪಾಠ ಹೇಳಿದಾರೆ. ಬೀದೀಲಿ ಸಿಕ್ಕರೆ ನಗ್ತಾರೆ. ನಾನು ಆಚೆ ಬೀದಿಗೆ ತಿರುಗಿಬಿಡ್ತೀನಿ.”

ಆಗಲೇ ನನಗೆ ಅರಿವಾದದ್ದು: ಮುಂದಿನ ಕೋಣೆಯಲ್ಲಿ ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು.

ಟೀಚರ್ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಸೊಸೆ, ಬಾಯಿಗೆ ಸೆರಗು ಒತ್ತಿಕೊಂಡು.

ಮುದುಕ ಅವರನ್ನು ನೋಡಿದ. ಅವನ ಮುಖವನ್ನು ನೋಡಲು ನನ್ನಿಂದ ಆಗಲಿಲ್ಲ. ಐವತ್ತೆರಡು ವರ್ಷ ಎರಡೂ ಕೈಯಿಂದ ಮುಚ್ಚಿ ಹಿಡಿದದ್ದು ಅವನ ಬಾಯಿಂದಲೇ, ಯಾರಿಗೆ ತಲುಪಬಾರದಿತ್ತೋ ಅವರಿಗೇ ತಲುಪಿತ್ತು. ಕರೆತಂದವಳು ನಾನು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

“ಮಗೂ, ನಿನ್ನ ತಪ್ಪಲ್ಲ,” ಎಂದು ಅವನು ಮಂಚದಿಂದ ಇಳಿಯಲು ಹೊರಟ. “ಕೊಟ್ಟಿದ್ದು ನಾನು. ನೀನು ಸಣ್ಣವಳು. ನಿನಗೇನು ಗೊತ್ತು?”

ಟೀಚರ್ ಬಂದು ಅವನ ಭುಜ ಹಿಡಿದು ಕೂರಿಸಿದರು. ಅವರ ಮುಖದಲ್ಲಿ ದುಃಖಕ್ಕಿಂತ ಗೊಂದಲವಿತ್ತು, ಕರಿಹಲಗೆಯ ಮೇಲಿನ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಗೊತ್ತಾದಾಗ ಇರುವಂಥದ್ದು.

“ಮಾಮ, ಆ ಶನಿವಾರ ನಾನು ಊರಲ್ಲೇ ಇರಲಿಲ್ಲ.”

“ರೈಲಿಂದ ಇಳಿಸಿದ್ದನ್ನ ನಾನೇ ನೋಡಿದೀನಿ—”

“ಇಳಿಸಿದ್ದು ಸೋಮವಾರ. ಮಂಗಳವಾರ ಬೆಳಗಿನ ಜಾವ ಅಪ್ಪ ನನ್ನನ್ನ ಮಿಲ್ಲಿನ ಲಾರೀಲಿ ಚಿಕ್ಕಮ್ಮನ ಊರಿಗೆ ಬಿಟ್ಟು ಬಂದ್ರು. ಲಾರೀನ ಸ್ವಂತಕ್ಕೆ ಓಡಿಸಿದ್ದು ಗೊತ್ತಾಗಿದ್ರೆ ಅಪ್ಪನ ಕೆಲಸ ಹೋಗ್ತಿತ್ತು. ಅದಕ್ಕೆ ಯಾರಿಗೂ ಹೇಳಲಿಲ್ಲ. ಕೇಳಿದೋರಿಗೆಲ್ಲ ಅಮ್ಮ, ಮಗುವಿಗೆ ಜ್ವರ, ಒಳಗೆ ಮಲಗಿದೆ ಅಂತಿದ್ಲು. ನಾನು ವಾಪಸ್ ಬಂದಿದ್ದು ಮೂರು ತಿಂಗಳ ಮೇಲೆ. ಆಗ ಅಕ್ಕ ಇರಲಿಲ್ಲ.”

ಒಂದೂ ಮಗುವಿಲ್ಲದ ಊರು. ಆ ಊರಿನ ಕತ್ತಲೆಯಲ್ಲಿ, ಸೊಂಟದೆತ್ತರದಿಂದ ಒಂದು ಸಣ್ಣ ಧ್ವನಿ. ದೆವ್ವ ಭೂತ ನಾನು ನಂಬುವವಳಲ್ಲ. ಕುಕ್ಕರಗಾಲಲ್ಲಿ ಕೂತರೆ ದೊಡ್ಡವರೂ ಮಗುವಿನೆತ್ತರವೇ, ಧ್ವನಿಯನ್ನು ಸಣ್ಣ ಮಾಡುವುದೂ ಅಂಥ ವಿದ್ಯೆಯೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಭಯ ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ದೆವ್ವವಾಗಿದ್ದರೆ ಪರವಾಗಿರಲಿಲ್ಲ.

“ಇಲ್ಲ ಇಲ್ಲ,” ಮುದುಕ ತಲೆ ಆಡಿಸುತ್ತಲೇ ಇದ್ದ. “ಹಾಗಾಗೋಕೆ ಸಾಧ್ಯವೇ ಇಲ್ಲ. ಮಗು ತಂದಿದ್ದು ಅಂತ ಅವರೇ ಹೇಳಿದ್ರು. ಮಾರನೇ ದಿನ ಬಿಲ್ಲೆ ವಾಪಸ್ ಕೊಟ್ಟೋರೇ ಹೇಳಿದ್ರು.”

“ಬಿಲ್ಲೆ ವಾಪಸ್ ಬಂತಾ?” ನಾನು ಎದ್ದು ನಿಂತೆ. “ಯಾರು ತಂದ್ರು?”

ಅವನು ಟೀಚರ್ ಕಡೆ ನೋಡಿದ, ನನ್ನ ಕಡೆ ನೋಡಿದ.

“ಹೇಳಿ ಮಾಮ,” ಎಂದರು ಟೀಚರ್.

“ನಿಮ್ಮಮ್ಮ.”

ಸೊಸೆಯ ಕೈಯಿಂದ ಕತ್ತರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

“ಬೆಳಗ್ಗೆ ಏಳು ಗಂಟೆ. ಹಗಲು ಬೆಳಕು. ಮುಖ ನೋಡಿದೀನಿ, ಇದರಲ್ಲಿ ತಪ್ಪಾಗಲ್ಲ. ಭವನದ ಬಾಗಿಲಲ್ಲಿ ನಿಂತು ಬಿಲ್ಲೆ ನನ್ನ ಕೈಗಿಟ್ರು. ‘ಮಗು ತಿಳೀದೆ ತಂದುಬಿಟ್ಟಿದೆ. ದೊಡ್ಡವಳು ಒಳಗೇ ಉಳಿದ್ಲು. ನಾನು ಬಾಗಿಲಿಗೆ ಕಿವಿ ಇಟ್ಟು ಕೇಳಿ ಬಂದೆ, ಎಲ್ಲ ಮುಗಿದಿದೆ. ಉಳಿದಿರೋ ಒಂದನ್ನಾದ್ರೂ ಬದುಕೋಕೆ ಬಿಡಪ್ಪ. ಯಾರಿಗೂ ಹೇಳ್ಬೇಡ. ಓಡಿಹೋದ್ಲು ಅಂತ ನಾನು ಹೇಳ್ತೀನಿ,’ ಅಂದ್ರು. ನನ್ನ ಕಾಲು ಮುಟ್ಟೋಕೆ ಬಂದ್ರಮ್ಮ. ಹೆತ್ತ ತಾಯಿ ಹಾಗಂದ ಮೇಲೆ ನಾನು ಯಾರು?”

ಟೀಚರ್ ತಾಯಿ ತೀರಿಹೋಗಿ ಎರಡು ವರ್ಷ. ಕೊನೆಯ ದಿನದವರೆಗೂ ಅವರ ಬಾಯಿಗೆ ನೀರು ಬಿಟ್ಟು, ತಲೆ ಬಾಚಿ, ಮಗ್ಗುಲು ಬದಲಿಸಿದವರು ಇದೇ ಟೀಚರ್. ಮದುವೆಯನ್ನೂ ಬೇಡವೆಂದವರು. ಮಗು ಊರಲ್ಲಿಲ್ಲವೆಂದು ಚೆನ್ನಾಗಿ ಗೊತ್ತಿದ್ದ ತಾಯಿಯೇ, ಮಗು ಬಿಲ್ಲೆ ತಂದಿತು ಎಂದಿದ್ದರು; ಯಾಕೆಂದು ಕೇಳಲು ಈಗ ಅವರೇ ಇಲ್ಲ. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷವಾಗಿತ್ತು.

“ಅಮ್ಮನ ವಿಷಯ ಬಿಟ್ಟು ಬರೆದ್ರೆ ಆಗಲ್ವಾ?” ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು. “ಆಗಲ್ಲ, ಟೀಚರ್. ಲೆಕ್ಕ ತಪ್ಪಿದ್ದು ಇವರಿಗೆ ಹೇಗೆ ಗೊತ್ತಾಯ್ತು ಅಂತ ಅಧಿಕಾರಿ ಮೊದಲು ಕೇಳೋದೇ ಅದನ್ನ. ಉತ್ತರ ಇಲ್ಲದಿದ್ರೆ ಮುದುಕರು ಏನೋ ಹೇಳ್ತಾರೆ ಅಂತ ಫೈಲು ಮುಚ್ತಾನೆ.”

ಅವರು ತಲೆಯಾಡಿಸಿದರು. ಮುದುಕನ ಪಕ್ಕದಲ್ಲಿ ಮಂಚದ ಮೇಲೆ ಕೂತು, ಮಕ್ಕಳನ್ನು ಕೇಳುವ ಧ್ವನಿಯಲ್ಲಿ ಕೇಳಿದರು.

“ಮಾಮ, ಅಮ್ಮ ಬಾಗಿಲಿಗೆ ಕಿವಿ ಇಟ್ಟು ಕೇಳಿದೆ ಅಂದ್ಲು. ಆಮೇಲೆ ನೀವು ಕಿವಿ ಇಟ್ಟು ಕೇಳಿದ್ರಾ?”

“ಇಲ್ಲಮ್ಮ.”

“ಬೇರೆ ಯಾರಾದ್ರೂ?”

“ಇಲ್ಲ. ಹತ್ರ ಹೋಗೋಕೆ ಅವರು ಯಾರನ್ನೂ ಬಿಡಲಿಲ್ಲ. ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಿದ್ರು. ಮನೆ ಮೇಲೂ ಬಾಂಬು ಬಿತ್ತೇನೋ, ಪಾಪ ಮಂಕಾಗಿದಾರೆ ಅಂತ ಎಲ್ಲರೂ ಅಂದ್ಕೊಂಡ್ರು.”

“ಗೋಡೆ ಕಟ್ಟಿದ್ದು ಎಷ್ಟು ಹೊತ್ತಿಗೆ?”

ಮುದುಕನಿಗೆ ಈಗ ಅರ್ಥವಾಗತೊಡಗಿತ್ತು. ಒಳಗಿಂದ ಯಾರಾದರೂ ಬಡಿದಿದ್ದರೂ ಅದು ಆ ಬೆನ್ನಿಗೆ ಮಾತ್ರ ತಿಳಿಯುತ್ತಿತ್ತು. “ಮಧ್ಯಾಹ್ನ ಮೂರಕ್ಕೆ,” ಎಂದ. “ಮೂರಾಗೋವರೆಗೂ ಅವರು ಅಲ್ಲಿಂದ ಏಳಲಿಲ್ಲ.”

ಟೀಚರ್ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅವನ ತೊಡೆಯ ಮೇಲಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಅವನ ಬೆರಳಿಗೆ ಹಿಡಿಸಿದರು.

“ಬರೀರಿ, ಮಾಮ,” ಎಂದರು. “ಮೊದಲು ಅಮ್ಮನ ಹೆಸರು.”